ಗೋಧಿ ಥಳಿಸುವ ಸದ್ದು

ನಮ್ಮ ರಾಚವ್ವನ ಮುಂದೆ ಯಾರಾದರೂ "ಸಿಪ್ಪೆ ತೆಗೆಯುವುದು" ಅಂದರೆ ಅವರ ಕಥೆ ಮುಗಿಯಿತು. "ಯಾತರ ಸಿಪ್ಪಿ?" ಎಂದು ಕೇಳುತ್ತಾಳೆ. ಹೆತ್ತವರು ನಿಮಗೆ ಏನೂ ಕಲಿಸಿಲ್ಲ ಎಂಬ ತೀರ್ಪು ಆ ದನಿಯಲ್ಲೇ ಇರುತ್ತದೆ. ಬಟಾಣಿಯಾದರೆ ಬಿಡಿಸಬೇಕು, ಬಾಳೆಹಣ್ಣಾದರೆ ಸುಲಿಯಬೇಕು. ನೆನೆದ ಅವರೆಕಾಳನ್ನು ಹಿಚುಕಬೇಕು. ಶೇಂಗಾವನ್ನು ಒಡೆಯಬೇಕು, ಹುರಿದ ಮೇಲೆ ಅದರ ಕೆಂಪು ಸಿಪ್ಪೆಯನ್ನು ತಿಕ್ಕಬೇಕು. ಸೌತೆಕಾಯಿಯನ್ನು ಹೆರೆಯಬೇಕು. ಗೋಧಿಯನ್ನು ಮಾತ್ರ ಥಳಿಸಬೇಕು. ಈ ಕೊನೆಯ ಮಾತು ಹೇಳುವಾಗ ಅವಳ ದನಿ ಕೊಂಚ ತಗ್ಗುತ್ತದೆ.

ಒಮ್ಮೆ ನಾನು ಪೇಪರು ಹಿಡಿದುಕೊಂಡು "ಕಳ್ಳನಿಗೆ ಸಾರ್ವಜನಿಕರಿಂದ ಥಳಿತ" ಎಂದು ಗಟ್ಟಿಯಾಗಿ ಓದಿದೆ. ರಾಚವ್ವ ಮೊರ ಕೆಳಗಿಟ್ಟಳು. "ಯಾಕ, ಕಳ್ಳನ ಮೈಮ್ಯಾಲೆ ಹೊಟ್ಟ ಇತ್ತೇನು?" ಎಂದಳು. ಬಡಿದರು ಅಂತ ಬರೆಯಲಿ, ಕುಟ್ಟಿದರು ಅಂತ ಬರೆಯಲಿ, ತನ್ನ ಅಭ್ಯಂತರವಿಲ್ಲ. "ಥಳಸೂದಂದ್ರ ಹೊಟ್ಟಷ್ಟ ಬಿಡಬೇಕು, ಒಳಗಿನ ಕಾಳಿಗೆ ಗೊತ್ತಾಗಬಾರ್ದು. ಹಂಗ ಹೊಡದಿದ್ರ ಆ ಕಳ್ಳಗ ನೋವ ಆಗ್ತಿದ್ದಿಲ್ಲ." ಪೇಪರಿನವರ ಪರವಾಗಿ ನಾನು ಬೈಸಿಕೊಂಡೆ.

ನಾನು ರಂಜನಾ, ಧಾರವಾಡದವಳು. ಟೆಲಿಫೋನ್ ಆಫೀಸಿನಿಂದ ನಿವೃತ್ತಳಾಗಿ ವಡಾಲದ ಈ ಚಾಳಿನ ಮೊದಲ ಮಾಳಿಗೆಯಲ್ಲಿದ್ದೇನೆ. ಕೆಲಸವಿಲ್ಲ; ಕೆಲಸವಿಲ್ಲದವರಿಗೆ ಇರಬೇಕಾದಷ್ಟು ಸಿಟ್ಟು ಇದೆ. ರಾಚವ್ವನ ಖೋಲಿ ನನ್ನ ಖೋಲಿಯ ಕೆಳಗೆ ಬರುತ್ತದೆ. ಅವಳು ಮದುವೆಯಾಗಿ ವಿಜಯಪುರದ ಕಡೆಯ ಹಳ್ಳಿಯಿಂದ ಬಂದಾಗ ಅವಳ ಗಂಡ ಬಸವಂತಪ್ಪ ಬಂದರಿನ ಗೋದಾಮಿನಲ್ಲಿ ಕೆಲಸಕ್ಕಿದ್ದ. ಉಳಿದ ಹೆಣ್ಣುಮಕ್ಕಳು ತವರಿನಿಂದ ಪಾತ್ರೆಪಗಡ ತರುತ್ತಾರೆ. ಇವಳು ಕಲ್ಲಿನ ಒರಳು ತರಿಸಿಕೊಂಡಳು. ಈರುಳ್ಳಿ ಲಾರಿಯಲ್ಲಿ ಬಂದ ಆ ಒರಳನ್ನು ಅಡುಗೆ ಮಾಡುವ ಒಳಕೋಣೆಯ ಮೂಲೆಯಲ್ಲಿ ನೆಲ ಅಗೆದು ಹೂಳಿದರು. ಬಸವಂತಪ್ಪ ಹೋಗಿ ಬಹಳ ವರ್ಷವಾಯಿತು. ಒರಳು ಅಲ್ಲೇ ಇದೆ.

ಅವಳ ಒರಳಿನಿಂದಲೇ ನಮ್ಮ ಕಡೆಯ ಎಷ್ಟೋ ಮನೆಗಳ ಬೆಲ್ಲದ ಹುಗ್ಗಿಗೆ ಗೋಧಿ ಹೋಗುತ್ತದೆ. ಚೆಂಬೂರಿನಿಂದ ಹಿಡಿದು ಈಚೆಗೆ ಯಾರ ಮನೆಯಲ್ಲಿ ಲಗ್ನ, ಬಸುರಿಗೆ ಮಾಡುವ ಕುಬಸ, ತೊಟ್ಟಿಲು ಇದ್ದರೂ ರಾಚವ್ವನಿಗೆ ಹೇಳಿಕಳಿಸುತ್ತಾರೆ. ಗೋಧಿಗೆ ನೀರು ಚಿಮುಕಿಸಿ, ಹದಕ್ಕೆ ಬಂದಾಗ ಒರಳಿಗೆ ಹಾಕಿ, ಮರದ ಒನಕೆಯಿಂದ ಥಳಿಸಿ, ಬಿಸಿಲಿಗೆ ಹರವಿ, ಕೇರಿ ಹೊಟ್ಟು ಹಾರಿಸಿ ಕೊಡುತ್ತಾಳೆ. ಒಮ್ಮೆ ನೀರು ಹಚ್ಚಿದ ಗೋಧಿಯನ್ನು ಅವಳು ನಡುವೆ ಬಿಡುವುದಿಲ್ಲ. ಬಿಟ್ಟರೆ ಸಡಿಲಾದ ಹೊಟ್ಟು ಮತ್ತೆ ಕಾಳಿಗೆ ಅಂಟುತ್ತದೆ, ಕಾಳು ಹುಳಿಯಾಗುತ್ತದೆ. ತೋಳು ಸೋತರೆ ಒನಕೆ ನನ್ನ ಕೈಗೋ ಸೊಸೆ ವೈಶಾಲಿಯ ಕೈಗೋ ಬರುತ್ತದೆಯೇ ಹೊರತು ನೆಲಕ್ಕೆ ಇಳಿಯುವುದಿಲ್ಲ.

ವೈಶಾಲಿ ಕೊಲ್ಹಾಪುರದ ಮರಾಠಿ ಹುಡುಗಿ. ಅವಳ ಮೇಲೆ ರಾಚವ್ವನಿಗೆ ಹೆಚ್ಚಿನ ದೂರಿಲ್ಲ. "ಆಕಿ ಮರಾಠಿಯಾಗರ ಬ್ಯಾರೆ ಬ್ಯಾರೆ ಹೆಸರ ಹೇಳತಾಳ" ಎನ್ನುತ್ತಾಳೆ. ದೂರೆಲ್ಲ ಮೊಮ್ಮಗಳು ಸ್ನೇಹಲ್ ಮೇಲೆ. ಸ್ನೇಹಲ್‌ಗೆ ಬೆಳ್ಳುಳ್ಳಿಯಿಂದ ತೆಂಗಿನಕಾಯಿಯವರೆಗೆ ಎಲ್ಲಕ್ಕೂ ಒಂದೇ ಮಾತು. "ಅಜ್ಜಿ, ಸಬ್ ಕುಛ್ ಛೀಲ್ನಾ ಹೀ ತೋ ಹೈ", ಎಲ್ಲಾ ಸುಲಿಯುವುದೇ ತಾನೇ, ಎಂದು ನಗುತ್ತಾಳೆ. ಅಜ್ಜಿ ನಗುವುದಿಲ್ಲ.

ಈ ವಿಷಯದಲ್ಲಿ ಅವಳಿಗೆ ಸರಿಸಮ ಜಗಳ ಕೊಡುತ್ತಿದ್ದವಳು ಒಬ್ಬಳೇ, ಪಕ್ಕದ ಖೋಲಿಯ ಶೀಲಾವತಿ. ಉಡುಪಿ ಕಡೆಯವಳು, ಮನೆಮಾತು ತುಳು. ಗಂಡ ಚೆನ್ನಯಣ್ಣ ಮಾಟುಂಗದ ಹೋಟೆಲೊಂದರಲ್ಲಿ ಅಡುಗೆಯ ಮೇಲ್ವಿಚಾರಣೆ ನೋಡಿಕೊಂಡು ವಯಸ್ಸಾದ ಮೇಲೆ ಮನೆಯಲ್ಲಿ ಕೂತವರು. ಎರಡು ಖೋಲಿಗಳ ಒಳಕೋಣೆಗಳ ನಡುವೆ ಒಂದೇ ಗೋಡೆ. ಮಧ್ಯಾಹ್ನದ ಹೊತ್ತು ಇಬ್ಬರೂ ಹೊರಗಿನ ಗ್ಯಾಲರಿಯಲ್ಲಿ ಮೊರ ಇಟ್ಟುಕೊಂಡು ಕೂರುತ್ತಿದ್ದರು. ಕೈ ಕಾಳಿನಲ್ಲಿ, ಬಾಯಿ ಜಗಳದಲ್ಲಿ.

"ನೆಲಕಡಲೆ ಒಡೆಯುವುದು ಅಂತ ಯಾರಾದರೂ ಹೇಳ್ತಾರಾ ಮಾರಾಯ್ತಿ? ಒಡೆಯುವುದು ತೆಂಗಿನಕಾಯಿ. ಇಷ್ಟು ಸಣ್ಣದಕ್ಕೆ ಅಷ್ಟು ದೊಡ್ಡ ಮಾತು ಯಾಕೆ? ಸುಲಿಯುವುದು ಅಂತ ಹೇಳು."

"ಸುಲಿಯೂದು ಬಾಳೆಹಣ್ಣ. ನೀ ಸೌತಿಕಾಯಿಗೂ ಕೆತ್ತೂದು ಅಂತೀಯಲ್ಲ, ಅದೇನ ಕಲ್ಲೇನು?"

"ಮತ್ತೆ ನಿನ್ನ ಹಾಗೆ ಹೆರೆಯುವುದು ಅನ್ಬೇಕಾ? ನಮ್ಮಲ್ಲಿ ಹೆರೆಯುವುದು ತೆಂಗಿನಕಾಯಿಯನ್ನು."

"ನಿಮ್ಮ ಊರಾಗ ಎಲ್ಲಾದಕ್ಕೂ ತೆಂಗಿನಕಾಯಿ ಯಾಕ ಬರತೈತಿ ಶೀಲಾ?"

ಒಂದು ವಿಷಯದಲ್ಲಿ ಶೀಲಾವತಿಯ ದೂರು ನಿಜವೇ. ಗೋಧಿ ಥಳಿಸುವ ದಿನ ಅವಳ ಒಳಕೋಣೆಯ ಕಪಾಟಿನ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು, ಗೋಡೆಯ ದೇವರ ಪಟ ಓರೆಯಾಗುತ್ತಿತ್ತು. ಅವಳು ಪಟ ನೆಟ್ಟಗೆ ಮಾಡಿ ಗ್ಯಾಲರಿಗೆ ಬಂದು ಬಯ್ಯುವಳು. ರಾಚವ್ವ ಥಳಿಸುತ್ತಲೇ ಉತ್ತರ ಕೊಡುವಳು. ಸಂಜೆ ಒಂದು ಬಟ್ಟಲು ಹುಗ್ಗಿ ಆ ಕಡೆ ಹೋಗುತ್ತಿತ್ತು. ಬಟ್ಟಲು ತೊಳೆದು ವಾಪಸು ಬರುವಾಗ ಅದರಲ್ಲಿ ಏನಾದರೂ ಇರುತ್ತಿತ್ತು. ಖಾಲಿ ಬಟ್ಟಲು ಈ ಗೋಡೆ ದಾಟಿದ್ದನ್ನು ನಾನು ನೋಡಿಲ್ಲ.

ಇಬ್ಬರೂ ಜಗಳವಿಲ್ಲದೆ ಒಪ್ಪುತ್ತಿದ್ದದ್ದು ಒಂದು ರೂಢಿಯನ್ನು. ಹೆಣ ಮನೆಯಲ್ಲಿದ್ದಾಗ ಅಕ್ಕಪಕ್ಕದಲ್ಲಿ ಒನಕೆ ಎತ್ತಬಾರದು. ಕಪ್ಪು ನೆಲದ ಹಳ್ಳಿಯಲ್ಲೂ ಹಾಗೆ, ಸಮುದ್ರದ ಬದಿಯ ಊರಲ್ಲೂ ಹಾಗೆ. ಬಸವಂತಪ್ಪ ಹೋದ ದಿನ ಶೀಲಾವತಿ ಇಡ್ಲಿಗೆ ಅಕ್ಕಿ ರುಬ್ಬುತ್ತಿದ್ದವಳು ಗ್ರೈಂಡರಿನ ಸ್ವಿಚ್ಚು ಆರಿಸಿ, ಅರ್ಧ ರುಬ್ಬಿದ ಹಿಟ್ಟನ್ನು ಚೆಲ್ಲಿ ಓಡಿಬಂದಿದ್ದಳು. ನೀರು ಹಚ್ಚಿದ ಗೋಧಿಯನ್ನು ರಾಚವ್ವ ನಡುವೆ ಬಿಡುವುದು ಸಾವಿಗೆ ಮಾತ್ರ ಎಂಬುದು ಚಾಳಿಗೆಲ್ಲ ಗೊತ್ತು. ಸದ್ದು ಅರ್ಧಕ್ಕೆ ನಿಂತಿತೆಂದರೆ ಮೇಲಿನ ಮಾಳಿಗೆಯವರೂ ಕಟಾಂಜನದಿಂದ ಬಗ್ಗಿ "ಕೋನ್ ಗಯಾ?", ಹೋದದ್ದು ಯಾರು, ಎಂದು ಕೇಳುತ್ತಾರೆ.

ಹೋದ ಚಳಿಗಾಲಕ್ಕೆ ಮೊದಲು ಶೀಲಾವತಿಯ ಹೃದಯ ಸೋತಿತು. ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡ ಡಾಕ್ಟರು, ಮಾಡುವುದನ್ನೆಲ್ಲ ಮಾಡಿದ್ದೇವೆ, ಇನ್ನು ಮನೆಯಲ್ಲೇ ನೆಮ್ಮದಿಯಾಗಿ ಇರಲಿ ಎಂದರು. ಮಗಳು ಯಕ್ಷಿತಾ ಆಫೀಸಿಗೆ ರಜೆ ಹಾಕಿ ಬಂದು ನಿಂತಳು. ಮುಂದಿನ ಕೋಣೆಯಲ್ಲಿ ಮಂಚ ಹಾಕಿ, ಸುತ್ತ ಪರದೆ ಕಟ್ಟಿದರು. ಶೀಲಾವತಿಗೆ ತನ್ನ ಬಗ್ಗೆ ಭ್ರಮೆ ಇರಲಿಲ್ಲ. ಅವಳ ಚಿಂತೆಯೆಲ್ಲ ಗಂಡನದು. ಚೆನ್ನಯಣ್ಣನಿಗೆ ಸಕ್ಕರೆ ಕಾಯಿಲೆ. ಊಟಕ್ಕೆ ಮೊದಲು ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಚುಚ್ಚಿಕೊಂಡ ಮೇಲೆ ಹರಟೆಗೆ ಕೂತು ಊಟ ಮರೆಯುತ್ತಾರೆ. ಹಾಗೆ ಮರೆತು ಒಮ್ಮೆ ವಡಾಲ ಸ್ಟೇಷನ್ನಿನ ಮೆಟ್ಟಿಲ ಮೇಲೆ ಬಿದ್ದು, ಯಾರೋ ಪುಣ್ಯಾತ್ಮರು ಸಕ್ಕರೆ ನೀರು ಕುಡಿಸಿ ಮನೆಗೆ ತಂದು ಬಿಟ್ಟಿದ್ದರು. "ಸೂಜಿ ಹಾಕಿದ ಮೇಲೆ ಅವರನ್ನು ಬಟ್ಟಲ ಮುಂದೆ ಕೂರಿಸುವುದು ಮರೀಬೇಡ" ಎಂದು ಮಗಳಿಗೆ ದಿನಾ ಹೇಳುತ್ತಿದ್ದಳು.

ಈ ಕಡೆ ಸ್ನೇಹಲ್ ಬಸುರಿ. ತವರಿನಲ್ಲಿ ಕುಬಸ ಮಾಡಬೇಕು, ದಿನ ಗೊತ್ತಾಗಿತ್ತು. ಮೊಮ್ಮಗಳ ಕುಬಸಕ್ಕೆ ಅಂಗಡಿಯ ಗೋಧಿ ತಂದು ಹುಗ್ಗಿ ಮಾಡುವುದು ರಾಚವ್ವನ ಬದುಕಿನಲ್ಲಿ ಸಾಧ್ಯವಿಲ್ಲದ ಮಾತು. ಒಂದು ಬೆಳಿಗ್ಗೆ ಗೋಧಿ ಕೇರಿ, ಒರಳು ತೊಳೆದು, ನೀರು ಚಿಮುಕಿಸಿದಳು. ನಾನೂ ವೈಶಾಲಿಯೂ ಸಹಾಯಕ್ಕೆ ಕೂತಿದ್ದೆವು. ಒನಕೆಗೆ ಕೈ ಹಾಕಿದವಳು ಗೋಡೆ ನೋಡಿ ನಿಂತುಬಿಟ್ಟಳು.

"ಬ್ಯಾಡ" ಎಂದಳು. "ಆಕಿ ಎದಿ ಮೊದಲ ಹಗುರ ಆಗೇತಿ. ಪ್ರತಿ ಪೆಟ್ಟೂ ಆಕಿ ಎದಿಗೇ ಬೀಳತೈತಿ."

"ಹಂಗಾರ ಗಿರಣಿಗೆ ಕೊಡೂಣೇನ್ರಿ?" ಎಂದೆ.

"ಗಿರಣಿಯಂವಗ ಥಳಸೂದು ಬರತೈತೇನು? ತಿಕ್ಕೂಣು."

ದಪ್ಪ ಗೋಣಿತಟ್ಟು ಹಾಸಿ, ಅದರ ಮೇಲೆ ಒದ್ದೆ ಗೋಧಿ ಹರವಿ, ಮೂವರೂ ಮೊಣಕಾಲೂರಿ ಅಂಗೈಯಿಂದ ತಿಕ್ಕಿದೆವು. ಅದು ಗೋಧಿಯ ಕೆಲಸವಲ್ಲ, ಹುರಿದ ಶೇಂಗಾದ ಕೆಲಸ. ತಿಕ್ಕಿದರೆ ಹೊಟ್ಟು ಅರ್ಧ ಬಿಡುತ್ತದೆ, ಅರ್ಧ ಹಟ ಮಾಡುತ್ತದೆ. ಅಂಗೈ ಕೆಂಪಾಯಿತು. ನನ್ನ ಸೊಂಟ ಹೋಯಿತು. ಮಾತಾಡಲೂ ರಾಚವ್ವ ಬಿಡಲಿಲ್ಲ. ಅವಳ ಮುಖದಲ್ಲಿ ಒಳ್ಳೆಯ ಕೆಲಸ ಮಾಡುತ್ತಿರುವವರ ಶಾಂತಿ ಇತ್ತು. ನನಗೂ ಅದು ಒಳ್ಳೆಯ ಕೆಲಸವೆಂದೇ ಅನಿಸಿತು.

ಗೋಡೆಯ ಆ ಕಡೆ ನಡೆದದ್ದನ್ನು ಯಕ್ಷಿತಾ ಆಮೇಲೆ ಹೇಳಿದಳು. ಶೀಲಾವತಿ ಬೆಳಿಗ್ಗೆಯಿಂದ ಕಣ್ಣು ಮುಚ್ಚಿ ಕೇಳುತ್ತಾ ಮಲಗಿದ್ದಳಂತೆ. ಮೊರದ ಸದ್ದು ಕೇಳಿದ್ದಳು. ಒರಳು ತೊಳೆದದ್ದು ಕೇಳಿದ್ದಳು. ಇನ್ನು ಥಳಿಸುತ್ತಾಳೆ ಎಂದು ಕಾದಳು. ಕಾದು ಕಾದು ಕಣ್ಣು ತೆರೆದು "ಯಾರು ಹೋದದ್ದು?" ಎಂದು ಕೇಳಿದಳು.

"ಯಾರೂ ಇಲ್ಲ ಅಮ್ಮ."

"ಸುಳ್ಳು ಹೇಳ್ಬೇಡ. ಗೋಧಿಗೆ ನೀರು ಹಾಕಿ ರಾಚವ್ವ ಸುಮ್ಮನೆ ಕೂರುವವಳಲ್ಲ. ನಿನ್ನ ಅಪ್ಪ ಎಲ್ಲಿ?"

ಚೆನ್ನಯಣ್ಣ ಬೆಳಿಗ್ಗೆಯೇ ಬಸ್ಸು ಹಿಡಿದು ಮಾಟುಂಗದ ದೇವಸ್ಥಾನಕ್ಕೆ ಹೋಗಿದ್ದರು. ಮಗಳು ಹಾಗೆಂದರೆ ತಾಯಿ ನಂಬಲಿಲ್ಲ. ಮತ್ತೆ ಮೆಟ್ಟಿಲ ಮೇಲೆ ಬಿದ್ದಿದ್ದಾರೆ, ಈ ಸಲ ಎತ್ತುವವರು ಸಿಗಲಿಲ್ಲ, ಎಲ್ಲರೂ ಸೇರಿ ತನ್ನಿಂದ ಮುಚ್ಚಿಡುತ್ತಿದ್ದಾರೆ ಎಂದು ಲೆಕ್ಕ ಹಾಕಿದಳು. ಹಾಸಿಗೆಯಿಂದ ಕಾಲು ಕೆಳಗಿಟ್ಟಳು. ಯಕ್ಷಿತಾ ಹಿಡಿದು ಮಲಗಿಸಿದರೆ ಮತ್ತೆ ಎದ್ದಳು. ಚೆನ್ನಯಣ್ಣ ಪ್ರಸಾದ ಹಿಡಿದು ಒಳಗೆ ಬರುವವರೆಗೂ ಆ ಹೆಂಗಸು ವಿಧವೆಯಾಗಿ ಅತ್ತಳು. ಅವರ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲವಂತೆ. ಆಮೇಲೆ ಗೋಡೆಯ ಕಡೆ ತಿರುಗಿ, "ಹಾಗಾದರೆ ಸತ್ತದ್ದು ನಾನೇ" ಎಂದಳಂತೆ.

ಯಕ್ಷಿತಾ ಬಂದು ನಮ್ಮನ್ನು ಕರೆದಳು. ರಾಚವ್ವ ಕೈಗೆ ಅಂಟಿದ ಹೊಟ್ಟನ್ನು ಸೀರೆಗೆ ಒರೆಸಿಕೊಳ್ಳುತ್ತಾ ಮಂಚದ ಬಳಿ ನಿಂತಳು.

"ಎಂತ ಮಾಡ್ತಿದ್ದಿ ಇಷ್ಟು ಹೊತ್ತು?" ಶೀಲಾವತಿ ಕೇಳಿದಳು. ದನಿ ಸಣ್ಣದಾಗಿತ್ತು, ಸಿಟ್ಟು ಹಳೆಯದೇ.

"ತಿಕ್ಕಾಕತ್ತಿದ್ದೆ. ನಿನಗ ತ್ರಾಸ ಆಗಬಾರ್ದಂತ."

"ಗೋಧಿಯನ್ನು ತಿಕ್ಕಿದೆಯಾ? ನೀನು?"

ರಾಚವ್ವ ತಲೆ ತಗ್ಗಿಸಿದಳು. ಅವಳು ಹಾಗೆ ತಗ್ಗಿಸಿದ್ದನ್ನು ನಾನು ಅದೇ ಮೊದಲು ಕಂಡದ್ದು.

"ಒನಕೆ ನಿಲ್ಲಿಸುವುದು ಯಾವಾಗ ಅಂತ ನಿನಗೆ ಗೊತ್ತುಂಟು, ನನಗೂ ಗೊತ್ತುಂಟು" ಎಂದಳು ಶೀಲಾವತಿ. "ನಾನು ಇನ್ನೂ ಹೋಗ್ಲಿಲ್ಲ ಮಾರಾಯ್ತಿ. ಹೋಗುವ ಮೊದಲೇ ನನ್ನನ್ನು ಕಳಿಸ್ಬೇಡ. ಥಳಿಸು."

ರಾಚವ್ವ ಬಂದು ತನ್ನ ಒಳಕೋಣೆಯ ಹೊಸ್ತಿಲ ಮೇಲೆ ಕೂತು ಅತ್ತಳು. ಆಮೇಲೆ ಎದ್ದು, ಅರ್ಧ ತಿಕ್ಕಿದ ಗೋಧಿಯನ್ನೇ ಒರಳಿಗೆ ಸುರಿದು ಒನಕೆ ಎತ್ತಿದಳು. ಗೋಡೆಯಾಚೆ ಲೋಟಗಳು ಅಲುಗಿದ ಸದ್ದು ಕೇಳಿಸಿತು.

ಅಂದಿನಿಂದ ದಿನವೂ ಅಡುಗೆಯ ಹೊತ್ತಿಗೆ ಆ ಒರಳಿನಲ್ಲಿ ಏನಾದರೂ ಇರಲೇಬೇಕಾಯಿತು. ಕುಬಸದ ಗೋಧಿ ಮುಗಿದರೂ ನಿಲ್ಲಿಸಲಿಲ್ಲ. ಯಾರ ಮನೆಗೂ ಬೇಡದ ಗೋಧಿಯನ್ನು ಥಳಿಸಿ ಡಬ್ಬಿ ತುಂಬಿದಳು. ರೇಷನ್ ಅಕ್ಕಿಯನ್ನೂ ಥಳಿಸಿದಳು. ಮೊದಲೇ ಬೆಳ್ಳಗಿದ್ದ ಅಕ್ಕಿ ಇನ್ನೇನು ಆಗಬೇಕೋ ತಿಳಿಯದೆ ಹಾಗೇ ಇತ್ತು. ಎರಡನೇ ಮಾಳಿಗೆಯವರು ಗಲಾಟೆ ಎಂದು ಹೇಳಲು ಬಂದರು. ಅವರಿಗೆ ಬೇಕಾದದ್ದಕ್ಕಿಂತ ಹೆಚ್ಚು ಉತ್ತರ ಸಿಕ್ಕಿತು.

ಶೀಲಾವತಿ ಮಲಗಿದಲ್ಲೇ ಕೇಳಿ ಮಗಳಿಗೆ ವಿವರಿಸುವಳು. ಈಗ ಕಾಳು ಒದ್ದೆ ಉಂಟು, ಸದ್ದು ಮೆತ್ತಗೆ ಕೇಳುತ್ತದೆ. ಈಗ ಹೊಟ್ಟು ಬಿಟ್ಟಿತು, ಒನಕೆಗೆ ಸಲೀಸು. ಇದು ಕೇರುವುದು. ಇದು ಒರಳಿನ ಬುಡ ಕೆರೆದು ತಿರುವಿ ಹಾಕುವುದು. ಅವಳು ಚಿಕ್ಕವಳಿದ್ದಾಗ ಊರಲ್ಲಿ ಭತ್ತ ಕುಟ್ಟುತ್ತಿದ್ದವಳು, ಕುಟ್ಟಿದ ಅಕ್ಕಿಯನ್ನು ಮತ್ತೆ ಥಳಿಸುತ್ತಿದ್ದವಳು. ಇಷ್ಟು ವರ್ಷ ಗದ್ದಲ ಎಂದು ಬಯ್ದದ್ದನ್ನು ಇಷ್ಟು ಚೆನ್ನಾಗಿ ಕೇಳಿಸಿಕೊಂಡಿದ್ದಳು ಎಂದು ನಮಗೆ ಆಗಲೇ ತಿಳಿದದ್ದು. ಚೆನ್ನಯಣ್ಣನೂ ಪಕ್ಕದಲ್ಲಿ ಕೂತು ಪಾಠ ಕೇಳುವರು. ನಲವತ್ತು ವರ್ಷ ಹೋಟೆಲ್ ಅಡುಗೆ ನೋಡಿದವರು ಹೆಂಡತಿಯಿಂದ ಈಗ ಒನಕೆಯ ಸದ್ದು ಕಲಿತರು.

ಕುಬಸದ ದಿನ ಸ್ನೇಹಲ್ ಹಸಿರು ಬಳೆ ತೊಟ್ಟು ಬಂದು ಶೀಲಾವತಿಯ ಕಾಲು ಮುಟ್ಟಿದಳು. ರಾಚವ್ವ ಒಂದು ಚಮಚ ಹುಗ್ಗಿಯನ್ನು ಶೀಲಾವತಿಯ ಬಾಯಿಗೆ ಹಾಕಿದಳು. ಶೀಲಾವತಿ ನಾಲಿಗೆಯ ಮೇಲೆ ಆಡಿಸಿ ನೋಡಿ, "ಒಂದು ಕಾಳೂ ಒಡೆಯಲಿಲ್ಲ" ಎಂದಳು.

"ಹಂಗಾರ ಇಷ್ಟ ವರ್ಷ ಸುಮ್ಮಸುಮ್ಮನ ಬೈದಿ" ಎಂದಳು ರಾಚವ್ವ. ಅವಳಿಗೆ ಹಿಗ್ಗು ತಡೆಯಲಾಗಲಿಲ್ಲ; ಬಟ್ಟಲು ತೊಳೆಯುವ ನೆಪದಲ್ಲಿ ಹೊರಗೆ ಹೋದಳು.

ಅದಾಗಿ ಸ್ವಲ್ಪ ದಿನಕ್ಕೆ, ಒಂದು ಮಧ್ಯಾಹ್ನ, ನಾನು ರಾಚವ್ವನ ಒಳಕೋಣೆಯ ಬಾಗಿಲಲ್ಲಿ ಕೂತು ಹೊಟ್ಟು ಕೇರುತ್ತಿದ್ದೆ. ಒರಳಿನಲ್ಲಿದ್ದ ಗೋಧಿ ಹೆಚ್ಚುಕಡಿಮೆ ಆಗಿಹೋಗಿತ್ತು. ಇನ್ನು ತೆಗೆದು ಹರವುವುದೊಂದೇ. ಯಕ್ಷಿತಾ ಬಂದು ನನ್ನ ಹಿಂದೆ ನಿಂತಳು. ರಾಚವ್ವ ಅವಳ ಮುಖ ನೋಡಿದಳು. ಎತ್ತಿದ ಒನಕೆ ಎತ್ತಿದಲ್ಲೇ ನಿಂತಿತು.

"ನಿಲ್ಲಿಸ್ಬೇಡಿ ಆಂಟಿ" ಎಂದಳು ಯಕ್ಷಿತಾ. ಪಿಸುಮಾತು. "ಅಮ್ಮ ಹೋದ್ಳು. ಈಗಷ್ಟೇ. ಅಪ್ಪನಿಗೆ ಗೊತ್ತಿಲ್ಲ. ಸೂಜಿ ಹಾಕ್ಕೊಂಡು ಒಳಗೆ ಊಟಕ್ಕೆ ಕೂತಿದ್ದಾರೆ, ಇನ್ನೂ ಬಡಿಸ್ಲಿಲ್ಲ. ಇದು ನಿಂತ್ರೆ ಅವರಿಗೆ ಗೊತ್ತಾಗ್ತದೆ. ಗೊತ್ತಾದ್ರೆ ಒಂದು ತುತ್ತು ಮುಟ್ಟುವುದಿಲ್ಲ. ಪ್ಲೀಸ್."

ಹೆಣ ಪಕ್ಕದಲ್ಲಿಟ್ಟುಕೊಂಡು ಒನಕೆ ಎತ್ತುವುದು. ರಾಚವ್ವ ತನ್ನ ಆಯುಷ್ಯದಲ್ಲಿ ಮಾಡದ ಕೆಲಸ. ಬೇರೆ ಯಾರಾದರೂ ಮಾಡಿದ್ದರೆ ಅವರ ಮನೆಯ ನೀರೂ ಮುಟ್ಟುತ್ತಿರಲಿಲ್ಲ. ಅದೂ ಶೀಲಾವತಿಯ ಹೆಣ. ನನಗೆ ಅವಳ ಹಟ ಗೊತ್ತಿತ್ತು, ಆಗುವುದಿಲ್ಲ ಎನ್ನುತ್ತಾಳೆಂದು ಹೆದರಿದೆ. ಆಮೇಲೆ ಒನಕೆ ಬಿತ್ತು. ಮತ್ತೆ ಎದ್ದು ಮತ್ತೆ ಬಿತ್ತು. ಕಣ್ಣೀರು ಗಲ್ಲದಿಂದ ಇಳಿದು ಒರಳಿಗೆ ಬೀಳುತ್ತಿದ್ದರೂ ಅವಳು ಒರೆಸಿಕೊಳ್ಳಲಿಲ್ಲ. ಎರಡೂ ಕೈ ಒನಕೆಯ ಮೇಲಿದ್ದವು.

"ನೀ ಹೋಗಿ ಬಡಸು ರಂಜನಾ" ಎಂದಳು. "ಈ ಹುಡುಗಿ ಮುಖಾ ನೋಡಿದ್ರ ಅವರಿಗೆ ತಿಳೀತೈತಿ."

ನಾನು ಹೋದೆ. ಮುಂದಿನ ಕೋಣೆಯಲ್ಲಿ ಪರದೆ ಎಳೆದಿತ್ತು. ಯಕ್ಷಿತಾ ಅದರೊಳಗೆ ನುಸುಳಿ ತಾಯಿಯ ಬಳಿ ಕೂತಳು. ನಾನು ಆ ಕಡೆ ನೋಡದೆ ಒಳಕೋಣೆಗೆ ನಡೆದೆ. ಚೆನ್ನಯಣ್ಣ ಮಣೆಯ ಮೇಲೆ ಬಟ್ಟಲು ಮುಂದಿಟ್ಟುಕೊಂಡು ಕೂತಿದ್ದರು.

"ನೀವು ಬಂದ್ರಾ ರಂಜನಕ್ಕ? ಯಕ್ಷಿತಾ ಎಲ್ಲಿ?"

"ತಾಯಿ ಹತ್ರ ಕುಂತಾಳ್ರಿ. ನಾನ ಬಡಸ್ತೀನಿ."

"ಶೀಲಾನಿಗೆ ಈಗ ನಿದ್ರೆ ಬಂತು. ಬೆಳಿಗ್ಗೆಯಿಂದ ಸ್ವಲ್ಪ ಕಷ್ಟ ಇತ್ತು" ಎಂದರು.

ನಾನು ಕುಚ್ಚಲಕ್ಕಿ ಅನ್ನ ಹಾಕಿ, ತೊಂಡೆಕಾಯಿ ಪಲ್ಯ ಹಾಕಿ, ಸಾರು ಬಿಟ್ಟೆ. ಗೋಡೆಯ ಆ ಕಡೆ ಒನಕೆ ಬೀಳುತ್ತಿತ್ತು. ಕಪಾಟಿನ ಲೋಟಗಳು ಅಲುಗುತ್ತಿದ್ದವು. ಅವರು ನಿಧಾನವಾಗಿ ಕಲಸಿ ಉಂಡರು. ಅಷ್ಟು ನಿಧಾನವಾಗಿ ಉಣ್ಣುವ ಮನುಷ್ಯನನ್ನು ನಾನು ಕಂಡಿಲ್ಲ. ಬೇಗ ಉಣ್ಣಿ ಎನ್ನಲೂ ಬಾಯಿ ಬರಲಿಲ್ಲ. ರಾಚವ್ವನ ವಯಸ್ಸು, ಅವಳ ತೋಳು, ಎಲ್ಲ ನೆನಪಾಗಿ ಒಂದೊಂದು ಪೆಟ್ಟನ್ನೂ ಎಣಿಸುತ್ತಿದ್ದೆ.

ಅರ್ಧ ಊಟದಲ್ಲಿ ಅವರು ಕೈ ತಡೆದು ಕಿವಿಗೊಟ್ಟರು.

"ಇದು ಥಳಿಸುವ ಸದ್ದಲ್ಲ ಈಗ" ಎಂದರು. "ಕುಟ್ಟುವುದು. ಕಾಳು ಒಡೀತಾ ಉಂಟು. ರಾಚವ್ವನಿಗೆ ಇವತ್ತು ಎಂತಾಯ್ತು? ಶೀಲಾ ಎದ್ದ ಮೇಲೆ ಹೇಳ್ಬೇಕು, ನಾನು ಸರಿಯಾಗಿ ಕಂಡುಹಿಡಿದೆ ಅಂತ."

ಹೇಳಿ ತಮ್ಮಷ್ಟಕ್ಕೆ ನಕ್ಕರು. "ಇನ್ನು ಸ್ವಲ್ಪ ಅನ್ನ ಹಾಕಿ. ಊಟ ಸರಿ ಮಾಡಿದೆ ಅಂದ್ರೆ ಅವಳಿಗೆ ಖುಷಿ." ನಾನು ಹಾಕಿದೆ. ಮಜ್ಜಿಗೆ ಕೇಳಿದರು, ಬಿಟ್ಟೆ. ಬಟ್ಟಲು ಬರಿದು ಮಾಡಿ ಎದ್ದು, ಮೂಲೆಯ ಬಚ್ಚಲ ಮೋರಿಯಲ್ಲಿ ಕೈ ತೊಳೆದು, ಹೆಗಲ ಟವೆಲಿನಿಂದ ಒರೆಸಿಕೊಳ್ಳಲು ಶುರುಮಾಡಿದರು. ನಾನು ಗ್ಯಾಲರಿಗೆ ಓಡಿ ರಾಚವ್ವನ ಬಾಗಿಲಲ್ಲಿ ನಿಂತು ತಲೆಯಾಡಿಸಿದೆ.

ಒನಕೆ ನಿಂತಿತು. ಒರಳಿನಲ್ಲಿ ಗೋಧಿ ಇರಲಿಲ್ಲ, ನುಚ್ಚೂ ಹೊಟ್ಟೂ ಕಲಸಿಹೋಗಿದ್ದವು. ಮೇಲಿನ ಮಾಳಿಗೆಯಲ್ಲಿ ಯಾರದೋ ಬಾಗಿಲು ತೆರೆದ ಸದ್ದಾಯಿತು.

ನಾನು ತಿರುಗಿ ಹೋಗುವಷ್ಟರಲ್ಲಿ ಚೆನ್ನಯಣ್ಣ ಟವೆಲು ಕೈಯಲ್ಲೇ ಹಿಡಿದು ಮುಂದಿನ ಕೋಣೆಗೆ ಬಂದಿದ್ದರು. ಪರದೆಯನ್ನು ಅವರೇ ಸರಿಸಿದರು. ಯಕ್ಷಿತಾ ತಾಯಿಯ ಪಾದದ ಮೇಲೆ ಮುಖವಿಟ್ಟಿದ್ದಳು. ಅವರು ಅಳಲಿಲ್ಲ. ಹೆಂಡತಿಯ ಕೆನ್ನೆ ಮುಟ್ಟಿ ನೋಡಿ, ಆ ತಂಪು ಎಷ್ಟು ಹೊತ್ತಿನದು ಎಂದು ಅಂದಾಜು ಮಾಡಿದರೆಂದು ಕಾಣುತ್ತದೆ. ನನ್ನ ಕಡೆ ನೋಡಿದರು.

"ನಾನು ಉಣ್ಣುವಾಗಲೇ?" ಎಂದು ಕೇಳಿದರು.

ನಾನು ಅವರ ಕೈಯಲ್ಲಿದ್ದ ಟವೆಲು ತೆಗೆದುಕೊಂಡೆ.

"ಎರಡನೇ ಸಲ ಅನ್ನ ಹಾಕಿಸಿಕೊಂಡೆ ನಾನು" ಎಂದರು. "ಇವಳು ಇಲ್ಲಿ ಹೀಗೆ ಇರುವಾಗ ಕೇಳಿ ಹಾಕಿಸಿಕೊಂಡು ಉಂಡೆ."

ರಾಚವ್ವ ಬಾಗಿಲಿಗೆ ಬಂದಿದ್ದಳು. ಸೆರಗಿನ ತುಂಬ ಹೊಟ್ಟು, ಎರಡೂ ತೋಳು ತನ್ನವಲ್ಲವೆಂಬಂತೆ ಜೋತಿದ್ದವು. ಗಂಡಸರೆದುರು ತಲೆಯ ಮೇಲಿನ ಸೆರಗು ಸರಿಸದವಳು ಅಂದು ಸೆರಗು ಜಾರಿದ್ದನ್ನೂ ನೋಡಿಕೊಳ್ಳದೆ ಒಳಗೆ ಬಂದಳು.

"ನೀವು ಉಂಡಿಲ್ರಿ ಅಣ್ಣಾರ" ಎಂದಳು. "ನಾ ಉಣಿಸೀನಿ. ತಪ್ಪು ನಂದೈತಿ, ಆಕಿ ಕೇಳಿದ್ರ ನಾ ಹೇಳತೀನಿ. ನೀವು ಆಕಿ ಹತ್ರ ಕೂಡ್ರಿ."

ಚೆನ್ನಯಣ್ಣ ಮಂಚದ ಅಂಚಿನಲ್ಲಿ ಕೂತು ಹೆಂಡತಿಯ ಕೈಯನ್ನು ತಮ್ಮ ಮಡಿಲಿಗೆ ತೆಗೆದುಕೊಂಡರು.